ಆಶ್ರಯ ಕೇಂದ್ರಗಳ ಪ್ರಾಣಿಗಳ ದತ್ತು ಸ್ವೀಕಾರ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯ ಮಹತ್ವ

ಪೀಠಿಕೆ

ಮನುಷ್ಯನಿಗೂ ನಾಯಿಗೂ ಇರುವ ನಂಟು ಕರ್ನಾಟಕದಲ್ಲಿ ಕಲ್ಲಿನ ಮೇಲೆಯೇ ದಾಖಲಾಗಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಕಾಲದ ಶಾಸನವು ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ತಿಳಿಸುತ್ತದೆ. ಗಂಗ ದೊರೆ ಬೂತುಗನ ಕಡೆಯ ವೀರನಾದ ಮಣಲೇರನು ಆ ನಾಯಿಯ ನೆನಪಿಗಾಗಿ ನಿಲ್ಲಿಸಿದ ಈ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷಗಳ ಹಿಂದೆ ನಾಯಿಗೆ ಸ್ಮಾರಕ ಕಟ್ಟಿದ ನಾಡಿನಲ್ಲಿ ಇಂದು ಕಣ್ಣು ತೆರೆಯದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಂತೆಮಾಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ಬಿಟ್ಟುಹೋಗುವುದೂ ಕಂಡುಬರುತ್ತಿದೆ. ಇಂತಹ ಮರಿಗಳ ಪೈಕಿ ಬದುಕುಳಿದವುಗಳಲ್ಲಿ ಕೆಲವು ಪ್ರಾಣಿ ಆಶ್ರಯ ಕೇಂದ್ರಗಳನ್ನು ಸೇರುತ್ತವೆ. ಅವುಗಳಿಗೆ ಮನೆ ದೊರಕಿಸುವುದು ದತ್ತು ಸ್ವೀಕಾರದ ಉದ್ದೇಶ. ಇನ್ನಷ್ಟು ಮರಿಗಳು ಅದೇ ಪೆಟ್ಟಿಗೆಯನ್ನು ಸೇರದಂತೆ ತಡೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆಯ ಉದ್ದೇಶ. ಇವೆರಡೂ ಒಂದೇ ಕಾರ್ಯದ ಎರಡು ಭಾಗಗಳು. ಒಂದನ್ನು ಮಾಡಿ ಮತ್ತೊಂದನ್ನು ಕೈಬಿಟ್ಟಲ್ಲಿ ಮಾಡಿದ ಕೆಲಸವೂ ವ್ಯರ್ಥವಾಗುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸಮಸ್ಯೆಯ ಸ್ವರೂಪ

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳಿದ್ದು, ಕರ್ನಾಟಕದಲ್ಲಿ ಅವುಗಳ ಸಂಖ್ಯೆ 11 ಲಕ್ಷವನ್ನು ಮೀರಿತ್ತು. ಹೆಣ್ಣುನಾಯಿಯು ಸಾಮಾನ್ಯವಾಗಿ 6ರಿಂದ 12 ತಿಂಗಳ ವಯಸ್ಸಿನಲ್ಲಿ ಮೊದಲ ಬಾರಿಗೆ ಬೆದೆಗೆ ಬರುತ್ತದೆ. ಅನಂತರ ವರ್ಷಕ್ಕೆ ಸುಮಾರು ಎರಡು ಬಾರಿ ಬೆದೆಗೆ ಬರಬಲ್ಲದು. ಗರ್ಭಾವಧಿ ಸುಮಾರು 63 ದಿನಗಳು. ಒಂದು ಸೂಲಿಗೆ ಐದು ಮರಿಗಳೆಂದು ಲೆಕ್ಕ ಹಿಡಿದರೂ ವರ್ಷಕ್ಕೆ ಎರಡು ಬಾರಿ ಈದ ಒಂದೇ ನಾಯಿಯಿಂದ ಹತ್ತು ಮರಿಗಳು ಜನಿಸುತ್ತವೆ. ಅವುಗಳಲ್ಲಿ ಅರ್ಧದಷ್ಟು ಹೆಣ್ಣು ಎಂದಾದರೆ ಮುಂದಿನ ವರ್ಷ ಮರಿ ಹಾಕಲು ಐದು ನಾಯಿಗಳು ಸಿದ್ಧವಾಗುತ್ತವೆ.

ವಾಸ್ತವದಲ್ಲಿ ಇಷ್ಟೂ ಮರಿಗಳು ಬದುಕುವುದಿಲ್ಲ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ವಾಹನಗಳಡಿ ಸಿಲುಕಿ, ಪಾರ್ವೊ ಹಾಗೂ ಡಿಸ್ಟೆಂಪರ್ ರೋಗಗಳಿಗೆ ತುತ್ತಾಗಿ ಅಥವಾ ಹಸಿವಿನಿಂದ ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ. ಸಂತಾನ ನಿಯಂತ್ರಣ ಇಲ್ಲದಲ್ಲಿ ನಾಯಿಗಳ ಸಂಖ್ಯೆಯನ್ನು ತಡೆಯುತ್ತಿರುವುದು ಈ ಸಾವುಗಳೇ ಎಂಬುದನ್ನು ಗಮನಿಸಬೇಕು.

ಬೀದಿನಾಯಿಗಳ ಹೆಚ್ಚಳಕ್ಕೆ ಬೀದಿಯ ನಾಯಿಗಳು ಮಾತ್ರ ಕಾರಣವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಶಸ್ತ್ರಚಿಕಿತ್ಸೆಯಾಗದ ಸಾಕುನಾಯಿಗಳನ್ನು ಬೆಳಿಗ್ಗೆ ಮತ್ತು ರಾತ್ರಿ ಹೊರಗೆ ಬಿಡುವುದರಿಂದಲೂ, ಮನೆಯಲ್ಲಿ ಹುಟ್ಟಿದ ಮರಿಗಳನ್ನು ಹೊರಗೆ ಬಿಟ್ಟುಬಿಡುವುದರಿಂದಲೂ ಬೀದಿಯ ಸಂಖ್ಯೆಗೆ ನಿರಂತರವಾಗಿ ಸೇರ್ಪಡೆಯಾಗುತ್ತಿರುತ್ತದೆ. ಈ ಮೂಲವನ್ನು ಪ್ರತಿಯೊಬ್ಬ ಮಾಲೀಕನೂ ತನ್ನ ಮನೆಯಲ್ಲಿಯೇ ತಡೆಯಬಹುದಾಗಿದೆ.

ಹೆಣ್ಣು ಮರಿಗಳ ಸ್ಥಿತಿ

ನಾಯಿ ಸಾಕಲು ಬಯಸುವ ಕುಟುಂಬಗಳು ಬಹುಪಾಲು ಗಂಡು ಮರಿಯನ್ನೇ ಕೇಳುತ್ತವೆ. ಹೆಣ್ಣಾದರೆ ಬೆದೆಯ ಕಾಲದಲ್ಲಿ ಮನೆಯ ಮುಂದೆ ಗಂಡುನಾಯಿಗಳ ಗುಂಪು ಸೇರುತ್ತದೆ, ರಕ್ತಸ್ರಾವವಾಗುತ್ತದೆ, ವರ್ಷಕ್ಕೆರಡು ಬಾರಿ ಮರಿ ಹಾಕುತ್ತದೆ ಎಂಬುವು ಇದಕ್ಕೆ ನೀಡುವ ಕಾರಣಗಳು. ಪರಿಣಾಮವಾಗಿ ಒಂದು ಸೂಲಿನ ಗಂಡು ಮರಿಗಳು ಮನೆಗಳನ್ನು ಸೇರಿ, ಹೆಣ್ಣು ಮರಿಗಳು ಬೀದಿಯಲ್ಲಿ ಉಳಿಯುತ್ತವೆ. ಮುಂದಿನ ಸೂಲುಗಳನ್ನು ಹೊರುವುದೂ ಅವೇ.

ಮೇಲ್ಕಂಡ ಮೂರೂ ಕಾರಣಗಳು ಒಂದೇ ಶಸ್ತ್ರಚಿಕಿತ್ಸೆಯಿಂದ ಇಲ್ಲವಾಗುತ್ತವೆ. ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಯು ಬೆದೆಗೆ ಬರುವುದಿಲ್ಲ, ಮರಿ ಹಾಕುವುದಿಲ್ಲ. ಮನೆಯನ್ನು ಕಾಯುವುದರಲ್ಲಿಯೂ ಮನೆಯವರನ್ನು ಹಚ್ಚಿಕೊಳ್ಳುವುದರಲ್ಲಿಯೂ ಅದು ಗಂಡುನಾಯಿಗಿಂತ ಕಡಿಮೆಯಾದುದಲ್ಲ. ಆದ್ದರಿಂದ ದತ್ತು ಪಡೆಯುವವರು ಹೆಣ್ಣು ಮರಿಯನ್ನು ಮೊದಲು ಪರಿಗಣಿಸುವುದು ಅಪೇಕ್ಷಣೀಯ. ಒಂದು ಹೆಣ್ಣು ಮರಿಯನ್ನು ದತ್ತು ಪಡೆದು ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದಲ್ಲಿ ಒಂದು ಜೀವಕ್ಕೆ ಆಶ್ರಯ ದೊರೆಯುವುದರೊಂದಿಗೆ ಆಶ್ರಯವಿಲ್ಲದೆ ಹುಟ್ಟಬಹುದಾಗಿದ್ದ ಅನೇಕ ಜೀವಗಳ ಸಂಕಟವೂ ತಪ್ಪುತ್ತದೆ.

ಕಾನೂನಿನ ಚೌಕಟ್ಟು

1. ಸಂವಿಧಾನದ 51ಎ(ಜಿ) ವಿಧಿಯು ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳಿದೆ.

2. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದ ಪ್ರಕಾರ, ಹಸಿವು ಅಥವಾ ಬಾಯಾರಿಕೆಯಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಯುಕ್ತ ಕಾರಣವಿಲ್ಲದೆ ಪ್ರಾಣಿಯನ್ನು ತ್ಯಜಿಸುವುದು ಅಪರಾಧವಾಗಿದೆ. ಸಾಕಿದ ನಾಯಿಯನ್ನು ಊರಾಚೆ ಬಿಟ್ಟುಬರುವುದಕ್ಕೂ ಇದು ಅನ್ವಯಿಸುತ್ತದೆ.

3. 2001ರ ಪ್ರಾಣಿ ಸಂತಾನ ನಿಯಂತ್ರಣ (ನಾಯಿಗಳು) ನಿಯಮಗಳ ಸ್ಥಾನದಲ್ಲಿ 2023ರ ಮಾರ್ಚ್ ತಿಂಗಳಿನಲ್ಲಿ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023 ಜಾರಿಗೆ ಬಂದವು. ಇವುಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಹಾಗೂ ರೇಬೀಸ್ ನಿರೋಧಕ ಲಸಿಕೆಯ ಹೊಣೆಯು ಸ್ಥಳೀಯ ಸಂಸ್ಥೆಯದು. ಸಾಕುಪ್ರಾಣಿಯ ಹೊಣೆಯು ಮಾಲೀಕನದು.

4. 2017ರ ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟ ಕುರಿತ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇದಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟ ಮರಿಯು ರೋಗಗಳಿಗೆ ಸುಲಭವಾಗಿ ತುತ್ತಾಗುವುದರಿಂದ ದತ್ತು ಪಡೆಯುವವರೂ ಈ ವಯೋಮಿತಿಯನ್ನು ಪಾಲಿಸುವುದು ಒಳ್ಳೆಯದು.

5. ಸರ್ವೋಚ್ಚ ನ್ಯಾಯಾಲಯವು ದಿನಾಂಕ 22.08.2025ರ ಆದೇಶದಲ್ಲಿ, ರೇಬೀಸ್ ಸೋಂಕಿತ, ಸೋಂಕಿನ ಶಂಕೆಯುಳ್ಳ ಹಾಗೂ ಆಕ್ರಮಣಕಾರಿ ಸ್ವಭಾವದ ನಾಯಿಗಳ ಹೊರತು ಉಳಿದವುಗಳನ್ನು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಡಿದ ಸ್ಥಳದಲ್ಲಿಯೇ ಬಿಡಲು ತಿಳಿಸಿತು. ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅರ್ಜಿದಾರರ ಹೊಣೆಯೆಂದೂ ಅದೇ ಆದೇಶದಲ್ಲಿದೆ. ದಿನಾಂಕ 07.11.2025ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮುಂತಾದ ಆವರಣಗಳಿಂದ ತೆರವುಗೊಳಿಸಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡದಂತೆ ನಿರ್ದೇಶಿಸಲಾಯಿತು. ಹೀಗೆ ತೆರವಾದ ನಾಯಿಗಳಿಗೆ ಆಶ್ರಯ ಕಲ್ಪಿಸಬೇಕಾಗುವುದರಿಂದ ದತ್ತು ಸ್ವೀಕಾರದ ಅಗತ್ಯವು ಹೆಚ್ಚಿದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಎಂದರೇನು

ಹೆಣ್ಣು ಪ್ರಾಣಿಗಳಲ್ಲಿ ಅಂಡಾಶಯಗಳನ್ನೂ ಸಾಮಾನ್ಯವಾಗಿ ಅವುಗಳೊಂದಿಗೆ ಗರ್ಭಕೋಶವನ್ನೂ, ಗಂಡು ಪ್ರಾಣಿಗಳಲ್ಲಿ ವೃಷಣಗಳನ್ನೂ ಪೂರ್ಣ ಅರಿವಳಿಕೆಯಡಿ ತೆಗೆಯುವುದೇ ಈ ಶಸ್ತ್ರಚಿಕಿತ್ಸೆ. ಇದನ್ನು ಅರ್ಹ ಪಶುವೈದ್ಯರು ಮಾತ್ರ ನಡೆಸತಕ್ಕದ್ದು. ಬೀದಿನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯ ಗುರುತಿಗಾಗಿ ಅರಿವಳಿಕೆಯಲ್ಲಿರುವಾಗಲೇ ಕಿವಿಯ ಅಂಚನ್ನು ಸ್ವಲ್ಪ ಕತ್ತರಿಸಲಾಗುತ್ತದೆ. ಕಿವಿಯಲ್ಲಿ ಇಂತಹ ಗುರುತಿರುವ ನಾಯಿಗೆ ಶಸ್ತ್ರಚಿಕಿತ್ಸೆಯಾಗಿದೆ ಎಂದು ಸಾರ್ವಜನಿಕರು ತಿಳಿಯಬಹುದು.

ಸಾಮಾನ್ಯವಾಗಿ ಆರು ತಿಂಗಳ ವಯಸ್ಸಿನ ಸುಮಾರಿಗೆ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಬಹುದು. ದೊಡ್ಡ ಗಾತ್ರದ ತಳಿಗಳಲ್ಲಿ ಮೂಳೆ ಮತ್ತು ಕೀಲುಗಳ ಬೆಳವಣಿಗೆಯ ದೃಷ್ಟಿಯಿಂದ ಪಶುವೈದ್ಯರು ಇನ್ನೂ ಕೆಲವು ತಿಂಗಳು ಕಾಯಲು ಸೂಚಿಸುವುದುಂಟು. ಬೆದೆಯಲ್ಲಿರುವಾಗ ರಕ್ತಸ್ರಾವದ ಸಂಭವ ಹೆಚ್ಚಿರುವುದರಿಂದ ತುರ್ತು ಇಲ್ಲದಿದ್ದಲ್ಲಿ ಬೆದೆ ಮುಗಿದ ನಂತರದ ದಿನವನ್ನು ಆಯ್ದುಕೊಳ್ಳಲಾಗುತ್ತದೆ.

ಶಸ್ತ್ರಚಿಕಿತ್ಸೆಯ ಪ್ರಯೋಜನಗಳು

1. ಹೆಣ್ಣುನಾಯಿಗಳಲ್ಲಿ ಬೆದೆಯ ನಂತರದ ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳುವ ಮಾರಕ ಕಾಯಿಲೆಯು ಕಾಣಿಸಿಕೊಳ್ಳಬಹುದು. ಅತಿಯಾದ ಬಾಯಾರಿಕೆ, ಮಂಕು, ಆಹಾರ ಬಿಡುವುದು ಇದರ ಲಕ್ಷಣಗಳು. ಶಸ್ತ್ರಚಿಕಿತ್ಸೆಯು ಈ ಅಪಾಯವನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

2. ಮೊದಲ ಬೆದೆಗೆ ಮುನ್ನ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಕೆಚ್ಚಲಿನ ಗಡ್ಡೆಗಳು ಬಹಳ ವಿರಳ.

3. ಗಂಡುನಾಯಿಗಳಲ್ಲಿ ವೃಷಣದ ಗಡ್ಡೆಯ ಸಂಭವವಿರುವುದಿಲ್ಲ. ವಯಸ್ಸಾದಂತೆ ಕಾಣಿಸಿಕೊಳ್ಳುವ ಪ್ರಾಸ್ಟೇಟ್ ಗ್ರಂಥಿಯ ಊತವೂ ತಪ್ಪುತ್ತದೆ.

4. ಬೀದಿನಾಯಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ, ಜನನಾಂಗಗಳಲ್ಲಿ ರಕ್ತ ಒಸರುವ ಸಾಂಕ್ರಾಮಿಕ ಗಡ್ಡೆಯು ಮುಖ್ಯವಾಗಿ ಸಂಯೋಗದಿಂದ ಹರಡುತ್ತದೆ. ಸಂಯೋಗವು ಕಡಿಮೆಯಾದಂತೆ ಇದರ ಹರಡುವಿಕೆಯೂ ಕಡಿಮೆಯಾಗುತ್ತದೆ.

5. ಬೆದೆಯ ಹೆಣ್ಣನ್ನು ಅರಸಿ ಗಂಡುನಾಯಿಗಳು ಮನೆಬಿಟ್ಟು ಅಲೆಯುವುದು, ಪರಸ್ಪರ ಕಚ್ಚಾಡುವುದು ಮತ್ತು ಅಲೆಯುವಾಗ ಅಪಘಾತಕ್ಕೀಡಾಗುವುದು ಕಡಿಮೆಯಾಗುತ್ತದೆ. ಮರಿಗಳಿರುವ ತಾಯಿನಾಯಿಯು ದಾರಿಹೋಕರ ಮೇಲೆ ಎರಗುವ ಸಂದರ್ಭಗಳೂ ಇಳಿಮುಖವಾಗುತ್ತವೆ.

ಕಾರ್ಯಕ್ರಮವನ್ನು ನಿರಂತರವಾಗಿ ನಡೆಸಿದಲ್ಲಿ ಫಲ ದೊರೆಯುವುದೆಂಬುದಕ್ಕೆ ಬೆಂಗಳೂರಿನ ಅಂಕಿಅಂಶಗಳು ನಿದರ್ಶನವಾಗಿವೆ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಡೆಸಿದ ಸಮೀಕ್ಷೆಗಳಲ್ಲಿ ಬೀದಿನಾಯಿಗಳ ಅಂದಾಜು ಸಂಖ್ಯೆಯು 2019ರಲ್ಲಿ ಸುಮಾರು 3.10 ಲಕ್ಷ ಇದ್ದುದು 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣವು ಸುಮಾರು ಶೇಕಡ 51ರಿಂದ ಸುಮಾರು ಶೇಕಡ 72ಕ್ಕೆ ಏರಿತು.

ಗಮನದಲ್ಲಿಡಬೇಕಾದ ಮಿತಿಗಳು

ಯಾವುದೇ ಶಸ್ತ್ರಚಿಕಿತ್ಸೆಯಂತೆ ಇದರಲ್ಲಿಯೂ ಅರಿವಳಿಕೆ, ರಕ್ತಸ್ರಾವ ಮತ್ತು ಸೋಂಕಿನ ಅಲ್ಪ ಪ್ರಮಾಣದ ಅಪಾಯವಿದೆ. ಶಸ್ತ್ರಚಿಕಿತ್ಸೆಯ ನಂತರ ಆಹಾರದ ಅಗತ್ಯ ಕಡಿಮೆಯಾಗುವುದರಿಂದ ಮೊದಲಿನಷ್ಟೇ ಊಟ ನೀಡಿದಲ್ಲಿ ಬೊಜ್ಜು ಬೆಳೆಯುತ್ತದೆ. ಕೆಲವು ಹೆಣ್ಣುನಾಯಿಗಳಲ್ಲಿ ವಯಸ್ಸಾದ ಮೇಲೆ ಮೂತ್ರ ಸೋರುವ ತೊಂದರೆ ಕಾಣಿಸಿಕೊಳ್ಳಬಹುದಾಗಿದ್ದು, ಇದಕ್ಕೆ ಔಷಧವಿದೆ. ಗಂಡು ಪ್ರಾಣಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರಗಳ ಕಾಲ ಗರ್ಭಧಾರಣೆ ಮಾಡಿಸುವ ಶಕ್ತಿ ಉಳಿದಿರಬಹುದಾದ್ದರಿಂದ ಆ ಅವಧಿಯಲ್ಲಿ ಹೆಣ್ಣಿನಿಂದ ದೂರವಿಡಬೇಕು.

ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವಾಂಶಗಳು

ತಪ್ಪು ತಿಳಿವಳಿಕೆ: ಒಂದು ಸೂಲಾದರೂ ಆಗದಿದ್ದರೆ ಹೆಣ್ಣುನಾಯಿಯ ಆರೋಗ್ಯ ಕೆಡುತ್ತದೆ.
ವಾಸ್ತವ: ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಸೂಲಿಗಾಗಿ ಕಾಯುವುದರಿಂದ ಕೆಚ್ಚಲಿನ ಗಡ್ಡೆಯಿಂದ ದೊರೆಯುವ ರಕ್ಷಣೆ ಕುಂದುತ್ತದೆ.

ತಪ್ಪು ತಿಳಿವಳಿಕೆ: ಶಸ್ತ್ರಚಿಕಿತ್ಸೆಯಾದ ನಾಯಿ ಮನೆ ಕಾಯುವುದಿಲ್ಲ.
ವಾಸ್ತವ: ಮನೆಯನ್ನು ಕಾಯುವ ಗುಣವು ಸ್ವಭಾವ ಮತ್ತು ರೂಢಿಯಿಂದ ಬರತಕ್ಕದ್ದು. ಶಸ್ತ್ರಚಿಕಿತ್ಸೆಯಿಂದ ಅದು ಹೋಗುವುದಿಲ್ಲ.

ತಪ್ಪು ತಿಳಿವಳಿಕೆ: ಬೆದೆ ತಡೆಯುವ ಚುಚ್ಚುಮದ್ದು ಹಾಕಿಸಿದರೆ ಶಸ್ತ್ರಚಿಕಿತ್ಸೆ ಬೇಕಿಲ್ಲ.
ವಾಸ್ತವ: ಇಂತಹ ಹಾರ್ಮೋನು ಚುಚ್ಚುಮದ್ದುಗಳು ತಾತ್ಕಾಲಿಕ. ಅವುಗಳ ಬಳಕೆಯಿಂದ ಗರ್ಭಕೋಶದಲ್ಲಿ ಕೀವು ತುಂಬುವ ಸಂಭವ ಹೆಚ್ಚುತ್ತದೆ.

ತಪ್ಪು ತಿಳಿವಳಿಕೆ: ಮರಿಗಳಿಗೆ ಹೇಗಾದರೂ ಮನೆ ಸಿಗುತ್ತದೆ.
ವಾಸ್ತವ: ಮನೆಯ ಮರಿಗಳನ್ನು ಪರಿಚಿತರು ಪಡೆದಲ್ಲಿ, ಅವರು ಆಶ್ರಯ ಕೇಂದ್ರದಿಂದ ತರಬಹುದಾಗಿದ್ದ ಅಷ್ಟೇ ಮರಿಗಳು ಅಲ್ಲಿಯೇ ಉಳಿಯುತ್ತವೆ.

ದತ್ತು ಪಡೆಯುವ ಮುನ್ನ

ನಾಯಿಯ ಆಯುಷ್ಯವು ಸಾಮಾನ್ಯವಾಗಿ 10ರಿಂದ 15 ವರ್ಷಗಳು. ಮನೆಯೊಳಗಿನ ಬೆಕ್ಕು ಇದಕ್ಕಿಂತ ಹೆಚ್ಚು ಕಾಲವೂ ಬದುಕಬಹುದು. ಆದ್ದರಿಂದ ಮಕ್ಕಳ ಹಟಕ್ಕೆ ಮಣಿದು ಅಥವಾ ಹುಟ್ಟುಹಬ್ಬದ ಉಡುಗೊರೆಯಾಗಿ ಪ್ರಾಣಿಯನ್ನು ತರುವುದು ಸರಿಯಲ್ಲ. ಈ ಕೆಳಗಿನ ಅಂಶಗಳನ್ನು ಮೊದಲೇ ಪರಿಶೀಲಿಸತಕ್ಕದ್ದು:

1. ಮನೆಯ ಹಿರಿಯರೂ ಸೇರಿದಂತೆ ಎಲ್ಲರ ಒಪ್ಪಿಗೆ ಇದೆಯೇ? ಬಾಡಿಗೆ ಮನೆಯಾದಲ್ಲಿ ಮಾಲೀಕರ ಸಮ್ಮತಿ ಇದೆಯೇ?
2. ಪ್ರತಿದಿನ ಎರಡು ಹೊತ್ತು ನಡೆದಾಡಿಸಲು, ಊಟ ನೀಡಲು ಯಾರಿಗೆ ಸಮಯವಿದೆ?
3. ಲಸಿಕೆ, ಜಂತುಹುಳು ನಾಶಕ ಮತ್ತು ಅನಿರೀಕ್ಷಿತ ಚಿಕಿತ್ಸೆಯ ವೆಚ್ಚವನ್ನು ಭರಿಸಲು ಸಾಧ್ಯವೇ?
4. ಊರಿಗೆ ಹೋಗುವಾಗ, ವರ್ಗಾವಣೆಯಾದಾಗ ಪ್ರಾಣಿಯ ವ್ಯವಸ್ಥೆ ಏನು?

ಮರಿಯೇ ಬೇಕೆಂದೇನೂ ಇಲ್ಲ. ಬೆಳೆದ ನಾಯಿಯ ಗಾತ್ರ ಮತ್ತು ಸ್ವಭಾವ ಮೊದಲೇ ತಿಳಿದಿರುತ್ತದೆ. ಉದ್ಯೋಗಸ್ಥರಿಗೆ ಹಾಗೂ ವೃದ್ಧರಿಗೆ ಇಂತಹ ನಾಯಿ ಹೆಚ್ಚು ಹೊಂದುತ್ತದೆ. ನಾಡತಳಿಯ ನಾಯಿಗಳು ಇಲ್ಲಿನ ಹವಾಮಾನಕ್ಕೆ ಒಗ್ಗಿಕೊಂಡಿರುತ್ತವೆ. ದಟ್ಟ ತುಪ್ಪಳದ ಶೀತದೇಶದ ತಳಿಗಳನ್ನು ನಮ್ಮ ಬೇಸಿಗೆಯಲ್ಲಿ ಸಾಕುವುದು ಪ್ರಾಣಿಗೂ ಮಾಲೀಕರಿಗೂ ಕಷ್ಟಕರ.

ದತ್ತು ಸ್ವೀಕಾರದ ವಿಧಾನ

ಆಶ್ರಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಅರ್ಜಿ, ಗುರುತಿನ ಹಾಗೂ ವಿಳಾಸದ ದಾಖಲೆ, ಕುಟುಂಬದವರೊಂದಿಗೆ ಮಾತುಕತೆ ಮತ್ತು ಕೆಲವೆಡೆ ಮನೆಗೆ ಭೇಟಿ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಇದನ್ನು ಅನಗತ್ಯ ಕಿರುಕುಳವೆಂದು ಭಾವಿಸಬಾರದು. ಒಮ್ಮೆ ಮನೆಗೆ ಹೋಗಿ ಮರಳಿ ಬಂದ ಪ್ರಾಣಿಯು ಊಟ ಬಿಟ್ಟು ಕೊರಗುವುದುಂಟು. ಅದನ್ನು ತಪ್ಪಿಸುವುದೇ ಈ ಪರಿಶೀಲನೆಯ ಉದ್ದೇಶ. ಪ್ರಾಣಿಯನ್ನು ಪಡೆಯುವಾಗ ಲಸಿಕೆಯ ಪುಸ್ತಕ, ಜಂತುಹುಳು ನಾಶಕ ನೀಡಿದ ದಿನಾಂಕ ಹಾಗೂ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಕೇಳಿ ಪಡೆಯಬೇಕು. ಮರಿಯು ಚಿಕ್ಕದಾಗಿದ್ದು ಶಸ್ತ್ರಚಿಕಿತ್ಸೆಯಾಗಿಲ್ಲವಾದಲ್ಲಿ, ಅದನ್ನು ಮಾಡಿಸುವ ತಿಂಗಳನ್ನು ದತ್ತು ಪತ್ರದಲ್ಲಿಯೇ ನಮೂದಿಸಿಕೊಳ್ಳುವುದು ಉತ್ತಮ. ನಂತರ ಮಾಡಿಸೋಣವೆಂದು ಮುಂದೂಡಿದ ಪ್ರಕರಣಗಳಲ್ಲಿ ಮೊದಲ ಬೆದೆಯು ತಿಳಿಯದೆಯೇ ಕಳೆದುಹೋಗಿ ಮರಿಗಳು ಹುಟ್ಟುವ ಸಂಭವವೇ ಹೆಚ್ಚು. ನಾಯಿ ಸಾಕಣೆಗೆ ಪರವಾನಗಿ ಅಗತ್ಯವಿರುವ ನಗರಗಳಲ್ಲಿ ಸ್ಥಳೀಯ ಸಂಸ್ಥೆಯಿಂದ ಅದನ್ನು ಪಡೆಯತಕ್ಕದ್ದು.

ಮನೆಗೆ ತಂದ ನಂತರ

ಮೊದಲ ಕೆಲವು ದಿನಗಳು ಪ್ರಾಣಿಯು ಮೂಲೆ ಸೇರುವುದು, ಊಟ ಕಡಿಮೆ ಮಾಡುವುದು, ರಾತ್ರಿ ಅಳುವುದು ಸಹಜ. ಈ ಅವಧಿಯಲ್ಲಿ ಶಾಂತವಾದ ಒಂದು ಜಾಗ, ನಿಗದಿತ ಹೊತ್ತಿಗೆ ಊಟ ಮತ್ತು ಸದಾ ಕುಡಿಯುವ ನೀರು ಒದಗಿಸಬೇಕು. ನೆಂಟರಿಷ್ಟರನ್ನು ಕರೆದು ತೋರಿಸುವುದನ್ನು ಮುಂದೂಡುವುದು ಒಳಿತು.

ಬರೀ ಹಾಲು ಅನ್ನದಿಂದ ಬೆಳೆಯುವ ಮರಿಗೆ ಸಾಕಷ್ಟು ಪೋಷಣೆ ದೊರೆಯುವುದಿಲ್ಲ. ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಪಶುವೈದ್ಯರು ಸೂಚಿಸಿದ ಸಿದ್ಧ ಆಹಾರವನ್ನು ಸೇರಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷಕಾರಿ. ಮನುಷ್ಯರ ಔಷಧಗಳನ್ನು ಸ್ವತಃ ನೀಡಬಾರದು. ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಮಾರಕ. ಉಣ್ಣೆಗಳಿಂದ ಹರಡುವ ಜ್ವರವು ನಮ್ಮಲ್ಲಿ ಸಾಮಾನ್ಯವಾದುದರಿಂದ ಮೈಯನ್ನು ಆಗಾಗ್ಗೆ ಪರೀಕ್ಷಿಸುತ್ತಿರಬೇಕು.

ಶಸ್ತ್ರಚಿಕಿತ್ಸೆಯಾದ ನಂತರ ಹತ್ತರಿಂದ ಹದಿನಾಲ್ಕು ದಿನ ಗಾಯವನ್ನು ನೆಕ್ಕದಂತೆ ಕೊರಳಪಟ್ಟಿ ಹಾಕುವುದು, ಸ್ನಾನ ಮಾಡಿಸದಿರುವುದು, ಓಡಾಟ ಮತ್ತು ಜಿಗಿತವನ್ನು ತಡೆಯುವುದು ಅವಶ್ಯ. ಗಾಯದಲ್ಲಿ ಊತ, ಕೀವು, ರಕ್ತ ಕಂಡುಬಂದರೆ ಅಥವಾ ಪ್ರಾಣಿಯು ಊಟ ಬಿಟ್ಟರೆ ಕೂಡಲೇ ಪಶುವೈದ್ಯರನ್ನು ಕಾಣಬೇಕು.

ರೇಬೀಸ್ ಮುನ್ನೆಚ್ಚರಿಕೆ

ಮನುಷ್ಯರಲ್ಲಿ ರೇಬೀಸ್ ಬರುವ ಪ್ರಕರಣಗಳಲ್ಲಿ ಶೇಕಡ 99ರವರೆಗೆ ನಾಯಿಗಳಿಂದಲೇ ಹರಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಲಕ್ಷಣಗಳು ಕಾಣಿಸಿಕೊಂಡ ನಂತರ ಈ ರೋಗವು ಬಹುತೇಕ ಖಚಿತವಾಗಿ ಮಾರಕ. ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇಕಡ 70ಕ್ಕೆ ಲಸಿಕೆಯಾದಲ್ಲಿ ಹರಡುವಿಕೆ ನಿಲ್ಲುತ್ತದೆ. ಮರಿಗಳು ಮೇಲಿಂದ ಮೇಲೆ ಹುಟ್ಟುತ್ತಿದ್ದಲ್ಲಿ ಲಸಿಕೆಯಾಗದ ನಾಯಿಗಳ ಪಾಲು ಮತ್ತೆ ಹೆಚ್ಚಿ ಈ ಪ್ರಮಾಣ ಕುಸಿಯುತ್ತದೆ. ಸಂತಾನ ನಿಯಂತ್ರಣವು ಮನುಷ್ಯರ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವಾಗಿರುವುದು ಈ ಕಾರಣದಿಂದಲೇ.

ದತ್ತು ಪಡೆದ ಮರಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆಯನ್ನೂ, ಪಶುವೈದ್ಯರು ತಿಳಿಸಿದಂತೆ ಬಲವರ್ಧಕ ಲಸಿಕೆಯನ್ನೂ ಹಾಕಿಸಿ, ಅನಂತರ ಪ್ರತಿವರ್ಷ ಹಾಕಿಸತಕ್ಕದ್ದು. ನಾಯಿ ಅಥವಾ ಬೆಕ್ಕು ಕಚ್ಚಿದಲ್ಲಿ ಇಲ್ಲವೇ ಪರಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ತೆರಳಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಮನೆಯ ನಾಯಿಯೇ ಕಚ್ಚಿದ್ದರೂ ನಿರ್ಲಕ್ಷ್ಯ ಸಲ್ಲದು.

ಬೆಕ್ಕುಗಳ ವಿಷಯದಲ್ಲಿ

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳ ವಯಸ್ಸಿನಲ್ಲಿಯೇ ಗರ್ಭ ಧರಿಸಬಲ್ಲದು. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗರ್ಭ ಕಟ್ಟುವುದೂ ಉಂಟು. ಆದ್ದರಿಂದ ಬೆಕ್ಕನ್ನು ದತ್ತು ಪಡೆದವರು ನಾಲ್ಕು ತಿಂಗಳು ತುಂಬುತ್ತಿದ್ದಂತೆಯೇ ಪಶುವೈದ್ಯರ ಸಲಹೆ ಪಡೆಯಬೇಕು. ಗಂಡು ಬೆಕ್ಕುಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ರಾತ್ರಿಯ ಕಾದಾಟ, ಗೋಡೆಗಳಿಗೆ ಮೂತ್ರ ಚಿಮುಕಿಸುವುದು ಕಡಿಮೆಯಾಗುತ್ತದೆ.

ಸಾರಾಂಶ

ಬೀದಿಯ ಎಲ್ಲ ಪ್ರಾಣಿಗಳಿಗೂ ಮನೆ ಒದಗಿಸುವುದು ಯಾವುದೇ ಒಂದು ಸಂಸ್ಥೆಗೆ ಸಾಧ್ಯವಿಲ್ಲ. ಆದರೆ ತನ್ನ ಮನೆಯ ಪ್ರಾಣಿಯಿಂದ ಬೀದಿಗೆ ಒಂದು ಮರಿಯೂ ಸೇರದಂತೆ ನೋಡಿಕೊಳ್ಳುವುದು ಪ್ರತಿಯೊಂದು ಕುಟುಂಬಕ್ಕೂ ಸಾಧ್ಯ. ಪ್ರಾಣಿಯನ್ನು ಸಾಕಬಯಸುವವರು ಸಮೀಪದ ಆಶ್ರಯ ಕೇಂದ್ರಕ್ಕೆ ಮೊದಲು ಭೇಟಿ ನೀಡುವುದು, ಹೆಣ್ಣು ಮರಿ ಹಾಗೂ ಬೆಳೆದ ಪ್ರಾಣಿಗಳನ್ನು ಪರಿಗಣಿಸುವುದು, ಮತ್ತು ಸಕಾಲದಲ್ಲಿ ಲಸಿಕೆ ಹಾಗೂ ಶಸ್ತ್ರಚಿಕಿತ್ಸೆ ಮಾಡಿಸುವುದು ಅಗತ್ಯ. ಪ್ರಾಣಿಯನ್ನು ಸಾಕಲು ಅವಕಾಶವಿಲ್ಲದವರು ತಮ್ಮ ಬೀದಿಯಲ್ಲಿ ಕಿವಿಯ ಗುರುತಿಲ್ಲದ ನಾಯಿಗಳ ಬಗ್ಗೆ ಸ್ಥಳೀಯ ಸಂಸ್ಥೆಗೆ ತಿಳಿಸಿದರೂ ಅದು ಉಪಯುಕ್ತ ಸೇವೆಯೇ. ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಕುರಿತು ಹೆಚ್ಚಿನ ವಿವರಗಳಿಗೆ ಸಾರ್ವಜನಿಕರು ಸಮೀಪದ ಸರ್ಕಾರಿ ಪಶು ಆಸ್ಪತ್ರೆಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.